ಕ್ಯಾನ್ಸಸ್ ಬಯಲಿನ ಮಾಸ್ತರು

ಧಾರವಾಡದಲ್ಲಿ ನಾವು ಪೇಂಟಿಂಗ್ ಕಲಿಯುವಾಗ ಲ್ಯಾಂಡ್‌ಸ್ಕೇಪ್ ಅಂದರೆ ದಾಂಡೇಲಿ ಕಡೆಗೆ ಬಸ್ಸು ಹತ್ತಬೇಕು ಎಂಬುದೇ ಎಲ್ಲರ ನಂಬಿಕೆ. ಕಾಡು, ಹೊಳೆ, ಮಂಜು. ಅದಾಗದಿದ್ದರೆ ಹಂಪಿಯ ಬಂಡೆ, ಬಾದಾಮಿಯ ಗುಡ್ಡ. ನಾನು ನವಲಗುಂದದ ಕಡೆಯವಳು. ರಜೆಯಲ್ಲಿ ಊರಿಗೆ ಹೊರಟರೆ ಗೆಳತಿಯರು, "ನಿಮ್ಮೂರಾಗ ಏನೈತಿ, ಎರಿಹೊಲ, ಮ್ಯಾಲ ಆಕಾಶ, ನಡುವ ಒಂದ್ ಜಾಲಿಗಿಡ. ಏನ್ ಚಿತ್ರಾ ತಗೀತೀ?" ಎಂದು ನಗುತ್ತಿದ್ದರು. ಮಾಸ್ತರರೂ ಬಯಲುಸೀಮೆಯ ಸ್ಕೆಚ್ಚುಗಳನ್ನು ನೋಡಿ "ಕಂಪೋಸಿಷನ್ ಖಾಲಿ ಆತು" ಎಂದು ಪಕ್ಕಕ್ಕಿಡುತ್ತಿದ್ದುದುಂಟು.

ಹಳೆಯ ವಿದ್ಯಾರ್ಥಿಗಳ ಪುಟಗಳಿಗೆ ಬರೆಯಿರಿ ಎಂದು ಸಂಪಾದಕ ಮಂಡಳಿ ಕೇಳಿದೆ. ಎಲ್ಲರೂ ಹಾಸ್ಟೆಲ್ಲು, ಕ್ಯಾಂಟೀನು, ಗ್ಯಾದರಿಂಗ್ ಬಗ್ಗೆ ಬರೆದೇ ಬರೆಯುತ್ತಾರೆ. ನಾನು ಬೇರೊಂದು ಕಾಲೇಜಿನ, ನಾನು ಕಣ್ಣಾರೆ ಕಾಣದ ಒಬ್ಬ ಮಾಸ್ತರರ, ಬಿರ್ಗರ್ ಸ್ಯಾಂಡ್ಜೇನ್ ಎಂಬ ಚಿತ್ರಕಾರರ ಬಗ್ಗೆ ಬರೆಯುತ್ತೇನೆ. ಇಲ್ಲಿನ ಡ್ರಾಯಿಂಗ್ ಹಾಲಿನಲ್ಲಿ ಈಗ ಬೋರ್ಡು ಹಿಡಿದು ಕೂತಿರುವ ಬಯಲುಸೀಮೆಯ ಹುಡುಗ ಹುಡುಗಿಯರಿಗೆ ಅವರ ಪರಿಚಯ ಇರಬೇಕು ಅನ್ನಿಸುತ್ತದೆ.

ಮದುವೆಯಾದ ಮೇಲೆ ನಾನು ಬಂದು ಸೇರಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಸಲೈನಾ ಎಂಬ ಊರಿಗೆ. ಸುತ್ತ ಪ್ರೇರಿ, ಅಂದರೆ ಹುಲ್ಲುಬಯಲು. ಈಗ ಅದರಲ್ಲಿ ಬಹುಪಾಲು ಗೋಧಿ ಹೊಲ. ದಕ್ಷಿಣಕ್ಕೆ ಇಪ್ಪತ್ತು ಮೈಲಿ ಹೋದರೆ ಲಿಂಡ್ಸ್‌ಬೋರ್ಗ್ ಎಂಬ ಪುಟ್ಟ ಊರು. 1869ರಲ್ಲಿ ಸ್ವೀಡನ್ನಿನಿಂದ ವಲಸೆ ಬಂದ ರೈತರು ಕಟ್ಟಿದ್ದು. ಅಂಗಡಿ ಮುಂಗಟ್ಟಿಗೆಲ್ಲ ಈಗಲೂ ಬಣ್ಣದ ಮರದ ಕುದುರೆಗಳು. ಅಲ್ಲಿನ ಬೆಥನಿ ಕಾಲೇಜಿನಲ್ಲಿ ಕಲಾ ವಿಭಾಗ ಇದೆ ಎಂದು ತಿಳಿದು ಸೇರಿಕೊಂಡೆ. ಹೊಸದಾಗಿ ಸೇರಿದವರನ್ನು ಅಲ್ಲಿ ಮೊದಲು ಕರೆದುಕೊಂಡು ಹೋಗುವುದು ಆವರಣದಲ್ಲೇ ಇರುವ ಒಂದು ಗ್ಯಾಲರಿಗೆ. ಬಿರ್ಗರ್ ಸ್ಯಾಂಡ್ಜೇನ್ ಸ್ಮಾರಕ ಗ್ಯಾಲರಿ. ಅವರು ತೀರಿಕೊಂಡದ್ದು 1954ರಲ್ಲಿ, ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲು. ಆದರೆ ಆ ಊರಿನಲ್ಲಿ ಜನ ಅವರ ಬಗ್ಗೆ ಮಾತಾಡುವ ರೀತಿ ನೋಡಿದರೆ ಮೊನ್ನೆ ಮೊನ್ನೆ ರಿಟೈರ್ ಆದವರು ಅನ್ನಬೇಕು.

ಸ್ಯಾಂಡ್ಜೇನ್ ಹುಟ್ಟಿದ್ದು 1871ರಲ್ಲಿ, ಸ್ವೀಡನ್ನಿನ ಬ್ಲಿಡ್ಸ್‌ಬರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಲೂಥರನ್ ಪಾದ್ರಿ. ಸ್ಕಾರಾ ಎಂಬ ಊರಿನ ಶಾಲೆಯಲ್ಲಿ ಓದು, ಡ್ರಾಯಿಂಗ್ ಎರಡೂ. ಆಮೇಲೆ ಸ್ಟಾಕ್‌ಹೋಮ್. ಅಲ್ಲಿ ಅವರಿಗೆ ಸಿಕ್ಕ ಗುರು ಸಾಮಾನ್ಯರಲ್ಲ, ಆಂಡರ್ಸ್ ಜಾರ್ನ್. ಬಿಳಿ, ಕಪ್ಪು, ಆಕ್ರ್ ಎಂಬ ಮಣ್ಣುಹಳದಿ, ವರ್ಮಿಲಿಯನ್ ಎಂಬ ಕೆಂಪು ಇಷ್ಟೇ ಇಟ್ಟುಕೊಂಡು ಜೀವಂತ ಮೈಬಣ್ಣ ತರಬಲ್ಲವನೆಂದು ನಮ್ಮ ಕ್ಲಾಸಿನಲ್ಲೂ ಹೆಸರು ಕೇಳಿದ್ದ ಅದೇ ಜಾರ್ನ್. 1894ರಲ್ಲಿ ಪ್ಯಾರಿಸ್ಸಿಗೆ ಹೋಗಿ ಚಿತ್ರಕಾರ ಎಡ್ಮಂಡ್ ಅಮಾನ್-ಜಾನ್ ಅವರ ಬಳಿ ಕೆಲವು ತಿಂಗಳು ಕಲಿತರು. ಅಮಾನ್-ಜಾನ್ ಒಂದು ಕಾಲಕ್ಕೆ, ಚುಕ್ಕೆಗಳ ಚಿತ್ರಕ್ಕೆ ಹೆಸರಾದ ಫ್ರೆಂಚ್ ಕಲಾವಿದ ಸೂರಾ ಜೊತೆ ಒಂದೇ ಸ್ಟುಡಿಯೋದಲ್ಲಿ ಇದ್ದವರು. ಬಣ್ಣವನ್ನು ಪ್ಯಾಲೆಟ್ಟಿನ ಮೇಲೆ ಕಲಸದೆ ಚುಕ್ಕೆ ಚುಕ್ಕೆಯಾಗಿ ಕ್ಯಾನ್ವಾಸಿನ ಮೇಲೆ ಇಡುವ ವಿಚಾರ ಅಲ್ಲಿಂದಲೇ ಈ ಹುಡುಗನ ತಲೆಗೆ ಹೊಕ್ಕಿರಬೇಕು.

ಇಷ್ಟೆಲ್ಲ ಕಲಿತವನು ಪ್ಯಾರಿಸ್ಸಿನಲ್ಲೋ ಸ್ಟಾಕ್‌ಹೋಮಿನಲ್ಲೋ ನೆಲೆ ಊರಬೇಕಿತ್ತು. ಬೆಥನಿ ಕಾಲೇಜನ್ನು 1881ರಲ್ಲಿ ಸ್ಥಾಪಿಸಿದ ಕಾರ್ಲ್ ಸ್ವೆನ್ಸನ್ ಬರೆದ ಪುಸ್ತಕವೊಂದನ್ನು ಓದಿ, ನನಗೊಂದು ಕೆಲಸ ಕೊಡುತ್ತೀರಾ ಎಂದು ಸ್ಯಾಂಡ್ಜೇನ್ ಕಾಗದ ಹಾಕಿದರು. ಬಾ ಎಂದು ಉತ್ತರ ಬಂತು. ಇಪ್ಪತ್ಮೂರರ ಹರೆಯದಲ್ಲಿ, ಅದೇ 1894ರಲ್ಲಿ, ಲಿಂಡ್ಸ್‌ಬೋರ್ಗಿಗೆ ಬಂದಿಳಿದರು. 1946ರಲ್ಲಿ ನಿವೃತ್ತಿ. ಐವತ್ತೆರಡು ವರ್ಷ ಒಂದೇ ಕಾಲೇಜು. ಬೇಸಿಗೆಯಲ್ಲಿ ಕೊಲರಾಡೋ, ಯೂಟಾ, ನ್ಯೂ ಮೆಕ್ಸಿಕೋ ಎಂದು ಬೇರೆ ಕಡೆ ಚಿತ್ರ ಬರೆಯಲು, ಪಾಠ ಹೇಳಲು ಹೋಗಿ ಬರುತ್ತಿದ್ದರು. ಶರತ್ಕಾಲಕ್ಕೆ ಮತ್ತೆ ಅದೇ ಊರು, ಅದೇ ಕ್ಲಾಸು.

ಮೊದಮೊದಲು ಅವರಿಗೆ ಹಚ್ಚಿದ ಕೆಲಸ ಚಿತ್ರಕಲೆ ಒಂದೇ ಅಲ್ಲ. ಭಾಷೆಗಳನ್ನೂ ಕಲಿಸಬೇಕಿತ್ತು. ಸಾಲದ್ದಕ್ಕೆ ಒಳ್ಳೆಯ ಟೆನರ್, ಅಂದರೆ ಏರುದನಿಯ ಗಂಡುಕಂಠ. ಈ ಊರಿನವರು 1882ರಿಂದ ಪ್ರತಿ ವರ್ಷ ಈಸ್ಟರ್ ವಾರದಲ್ಲಿ ಯೇಸುವಿನ ಕುರಿತ ಹ್ಯಾಂಡೆಲನ ದೊಡ್ಡ ವೃಂದಗಾನ 'ಮೆಸ್ಸಾಯ' ಹಾಡುತ್ತಾರೆ. ರೈತರು, ಅಂಗಡಿಯವರು, ವಿದ್ಯಾರ್ಥಿಗಳು ಎಲ್ಲ ಸೇರಿ ನಿಂತು ಹಾಡುವುದು. ಸ್ಯಾಂಡ್ಜೇನ್ ಅದರಲ್ಲೂ ಹಾಡಿದರು. ಅವರ ಹೆಂಡತಿ ಆಲ್ಫ್ರಿಡಾ ಪಿಯಾನೋ ಕಲಿತವರು, 1900ರಲ್ಲಿ ಮದುವೆಯಾಯಿತು. ಕಲಾ ವಿಭಾಗದ ಪೂರ್ತಿ ಹೊಣೆ ಸ್ಯಾಂಡ್ಜೇನ್ ಹೆಗಲಿಗೆ ಬಂದದ್ದು 1899ರ ಹೊತ್ತಿಗೆ.

ಅದೇ ವರ್ಷ ಅವರೂ ಇನ್ನಿಬ್ಬರು ಸ್ನೇಹಿತರೂ ಒಂದು ಒಳ್ಳೆಯ ಉಪಾಯ ಹೂಡಿದರು. ಮೆಸ್ಸಾಯ ಕೇಳಲು ಸುತ್ತಲ ಹಳ್ಳಿಗಳಿಂದ ಜನ ಹೇಗೂ ಬರುತ್ತಾರೆ, ಆ ವಾರವೇ ಒಂದು ಚಿತ್ರ ಪ್ರದರ್ಶನ ಇಟ್ಟರೆ? ಹಾಡು ಕೇಳಲು ಬಂದವರು ಚಿತ್ರವನ್ನೂ ನೋಡಿಕೊಂಡು ಹೋದರು. ಆ ಪ್ರದರ್ಶನ ಇವತ್ತಿಗೂ ನಡೆದುಕೊಂಡು ಬಂದಿದೆ. ನಮ್ಮ ಕಡೆ ಜಾತ್ರೆಯಲ್ಲಿ ನಾಟಕ ಕಂಪನಿಯವರು ಟೆಂಟ್ ಹಾಕುತ್ತಾರಲ್ಲ, ಇದರ ಹಿಂದಿನ ಬುದ್ಧಿಯೂ ಅಂಥದೇ.

ಅವರು ಪಾಠ ಮಾಡಿದ ಕಟ್ಟಡದ ಕತೆಯೂ ಹೇಳುವಂಥದೇ. 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ವಿಶ್ವಮೇಳಕ್ಕೆಂದು ಸ್ವೀಡನ್ ಸರಕಾರ ಮರದ ಮಂಟಪವೊಂದನ್ನು ಕಟ್ಟಿಸಿತ್ತು. ಮೇಳ ಮುಗಿದ ಮೇಲೆ ಅದನ್ನು ಬಿಚ್ಚಿ ಲಿಂಡ್ಸ್‌ಬೋರ್ಗಿಗೆ ತಂದು ನಿಲ್ಲಿಸಿದರು, ಕಲಾ ವಿಭಾಗ ಅದರೊಳಗೆ ಹೋಯಿತು. ಈಗ ಅದು ಊರಿನ ಹಳೆಯ ಹಿಟ್ಟಿನ ಗಿರಣಿಯ ಮ್ಯೂಸಿಯಂ ಪಕ್ಕದಲ್ಲಿದೆ. ಒಳಗೆ ನಿಂತರೆ ಎತ್ತರದ ಕಿಟಕಿಗಳ ಬೆಳಕು ನೇರ ನೆಲಕ್ಕೆ ಬೀಳುತ್ತದೆ. ಮಾಡೆಲನ್ನು ಎಲ್ಲಿ ಕೂರಿಸುತ್ತಿದ್ದರೋ ಎಂದು ಕಣ್ಣು ತಾನಾಗಿ ಜಾಗ ಹುಡುಕುತ್ತದೆ.

ಇನ್ನು ಚಿತ್ರಗಳ ಮಾತು. ಸ್ವೀಡನ್ನಿನಲ್ಲಿ ಕಲಿತು ಬಂದ ಬಣ್ಣ ಕ್ಯಾನ್ಸಸ್ಸಿನಲ್ಲಿ ನಡೆಯಲಿಲ್ಲ. ಅಲ್ಲಿಯ ತೇವದ ಗಾಳಿಯಲ್ಲಿ ದೂರದ ಗುಡ್ಡ ಮಸುಕಾಗುತ್ತದೆ, ಬೂದಿಬಣ್ಣಕ್ಕೆ ತಿರುಗುತ್ತದೆ. ಇಲ್ಲಿಯ ಒಣಗಾಳಿಯಲ್ಲಿ ಮೂರು ಮೈಲಿಯಾಚೆಯ ಮರವೂ ಖಡಾಖಂಡಿತ ಕಾಣುತ್ತದೆ. ನವಲಗುಂದದಲ್ಲೂ ಹಾಗೆಯೇ, ಸುಗ್ಗಿ ಮುಗಿದ ಮೇಲಿನ ಮಧ್ಯಾಹ್ನ ನೆನಪು ಮಾಡಿಕೊಳ್ಳಿ. ಇಂಥ ಬೆಳಕಿಗೆ ಬಣ್ಣವನ್ನು ಕಲಸಿ ಮಂಕು ಮಾಡಬಾರದು, ಶುದ್ಧ ಬಣ್ಣಗಳನ್ನೇ ಒಂದರ ಪಕ್ಕ ಒಂದು ಇಡಬೇಕು ಎಂಬ ನಿಲುವಿಗೆ ಅವರು ಬಂದರು. ಮೊದಲು ಸಣ್ಣ ಚುಕ್ಕೆಗಳು. 1910ರ ದಶಕ ಕಳೆಯುವಷ್ಟರಲ್ಲಿ ಚುಕ್ಕೆ ಹೋಗಿ ಬೆರಳುದ್ದದ ಗೆರೆಗಳು ಬಂದವು.

ಗ್ಯಾಲರಿಯಲ್ಲಿ ಹಳ್ಳದ ದಂಡೆಯ ಒಂದು ತೈಲಚಿತ್ರದ ಮುಂದೆ ನಾನು ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದ್ದೇನೆ. ಬಣ್ಣ ಗೋಡೆಗೆ ಗಿಲಾವು ಮಾಡಿದಷ್ಟು ದಪ್ಪ. ಅಂಚಿನಲ್ಲಿ ಬ್ರಷ್ಷು ಎತ್ತಿದ ಜಾಗ ಮುಳ್ಳಿನಂತೆ ಎದ್ದು ನಿಂತಿದೆ. ಮರದ ಕಾಂಡದಲ್ಲಿ ಕಂದು ಇಲ್ಲವೇ ಇಲ್ಲ. ಗುಲಾಬಿ, ನೇರಳೆ, ಒಂದು ಕಡೆ ಹಸಿ ಕೇಸರಿ. ನೆರಳಿನಲ್ಲಿ ಕಪ್ಪು ಇಲ್ಲ, ನೀಲಿ. ಪಕ್ಕದಿಂದ ನೋಡಿದರೆ ಉತ್ತ ಹೊಲದ ಸಾಲು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಎಲ್ಲ ಕೂಡಿಕೊಂಡು ಸಂಜೆಯ ಕಾಟನ್‌ವುಡ್ ಮರಗಳು, ಅವುಗಳ ನೆರಳು ಹೊತ್ತ ನಿಂತ ನೀರು. ಕಾವಲುಗಾರ್ತಿ ಅಜ್ಜಿ "ಇನ್ನಷ್ಟು ಹಿಂದೆ ಹೋಗಮ್ಮ" ಎಂದು ಮೆಲ್ಲಗೆ ಹೇಳಿದ್ದು ಚಿತ್ರದ ಸುರಕ್ಷತೆಗೋ ನನ್ನ ತಿಳಿವಳಿಕೆಗೋ ಗೊತ್ತಿಲ್ಲ.

1908ರಲ್ಲಿ ಅವರು ಕೊಲರಾಡೋಗೆ ಹೋದರು, ಆಮೇಲೆ ರಾಕಿ ಪರ್ವತಗಳು ಅವರನ್ನು ಬಿಡಲಿಲ್ಲ. ಹೆಸರು ತಂದುಕೊಟ್ಟದ್ದು ಬಹುಮಟ್ಟಿಗೆ ಆ ದೊಡ್ಡ ಪರ್ವತಗಳ ಚಿತ್ರಗಳೇ. 1922ರಲ್ಲಿ ನ್ಯೂಯಾರ್ಕಿನ ಬ್ಯಾಬ್‌ಕಾಕ್ ಗ್ಯಾಲರಿಯಲ್ಲಿ ಪ್ರದರ್ಶನವಾಯಿತು. ಆದರೆ ನನ್ನನ್ನು ಕೇಳಿದರೆ ಪರ್ವತಗಳಲ್ಲಿ ಅವರಿಗೆ ಕೆಲಸ ಸಲೀಸಾಯಿತು. ಪರ್ವತ ತಾನೇ ಅರ್ಧ ಚಿತ್ರ ಬರೆದುಕೊಡುತ್ತದೆ. ಸ್ಮೋಕಿ ಹಿಲ್ ನದಿಯ ಸೊಟ್ಟ ದಂಡೆ, ವೈಲ್ಡ್ ಹಾರ್ಸ್ ಕ್ರೀಕ್ ಎಂಬ ಹಳ್ಳದ ಕಲ್ಲುಗಳು, ಒಂದೆರಡು ಮರ, ಹುಟ್ಟುತ್ತಿರುವ ಚಂದ್ರ, ಇಷ್ಟರಲ್ಲೇ ಕ್ಯಾನ್ವಾಸ್ ತುಂಬಿಸಿದ್ದು ನೋಡಿ, ಅದು ಕಸುಬು. ನಮ್ಮ ಬೆಣ್ಣಿಹಳ್ಳದ ಮುಂದೆ ಈ ಮನುಷ್ಯನನ್ನು ಕೂರಿಸಿದ್ದರೆ ಸಂಜೆಯೊಳಗೆ ಒಂದು ಬರೆದು ಕೊಡುತ್ತಿದ್ದರು.

ಗ್ರಾಫಿಕ್ಸ್, ಅಂದರೆ ಅಚ್ಚುಚಿತ್ರದ ವಿಭಾಗದವರಿಗೆ ಇಲ್ಲಿ ಒಂದು ಮಾತು. 1916ರಲ್ಲಿ ವಿಚಿಟಾದ ಕಲಾವಿದ ಸಿ. ಎ. ಸೂವರ್ಡ್ ಅವರ ಒತ್ತಾಸೆಯಿಂದ ಸ್ಯಾಂಡ್ಜೇನ್ ಲಿಥೋಗ್ರಫಿಗೆ, ಅಂದರೆ ಕಲ್ಲಚ್ಚಿಗೆ, ಕೈ ಹಾಕಿದರು. ಆಮೇಲೆ ಮರದಚ್ಚು, ಲಿನೋಲಿಯಂ ಹಾಳೆ ಕೊರೆದ ಲಿನೋ, ಲೋಹದ ತಗಡಿನ ಮೇಲೆ ಸೂಜಿಯಿಂದ ಗೀರಿದ ಡ್ರೈಪಾಯಿಂಟ್. ಒಟ್ಟು ಮುನ್ನೂರಕ್ಕೂ ಹೆಚ್ಚು ಅಚ್ಚುಗಳು, ಒಂದೊಂದರದೂ ಹತ್ತಾರು ಪ್ರತಿ. ಅವರು ಮಾಡಿಕೊಂಡ ಒಂದು ಉಪಾಯ ಮೊಳೆಯದು. ಹಲಗೆಯನ್ನು ಉಳಿಯಿಂದ ಕೊರೆಯುವ ಬದಲು ಮೊಳೆಯಿಟ್ಟು ಸುತ್ತಿಗೆಯಿಂದ ಹೊಡೆಯುವುದು. ಹೊಡೆದಲ್ಲೆಲ್ಲ ಸಣ್ಣ ಗುಂಡಿ ಬೀಳುತ್ತದೆ. ಮೇಲೆ ಇಂಕ್ ರೋಲರ್ ಓಡಿಸಿ ಕಾಗದ ಒತ್ತಿದರೆ ಗುಂಡಿಗಳು ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ. ನಮಗೆ ಕ್ಲಾಸಿನಲ್ಲಿ ಇದನ್ನೇ ಅಭ್ಯಾಸಕ್ಕೆ ಕೊಟ್ಟರು. ದಪ್ಪ ಮೊಳೆ, ಸಣ್ಣ ಮೊಳೆ, ತಲೆ ಮೊಂಡಾದ ಮೊಳೆ, ಒಂದೊಂದಕ್ಕೂ ಒಂದೊಂದು ಚುಕ್ಕೆ. ಒತ್ತೊತ್ತಾಗಿ ಹೊಡೆದರೆ ಆಕಾಶದ ಬೆಳಕು, ವಿರಳವಾಗಿ ಹೊಡೆದರೆ ನೆರಳು ಕವಿದ ಗುಡ್ಡ. ನೀವೂ ಮಾಡಿ ನೋಡಿ. ಖರ್ಚು ಏನೂ ಇಲ್ಲ, ಆದರೆ ಪಕ್ಕದ ಕ್ಲಾಸಿನವರು ಗದ್ದಲವೆಂದು ಬೈಯಬಹುದು.

ಈ ಅಚ್ಚುಗಳ ಹಿಂದೆ ಒಬ್ಬ ಮಾಸ್ತರರ ಲೆಕ್ಕಾಚಾರವೂ ಇತ್ತು. ತೈಲಚಿತ್ರ ಕೊಳ್ಳುವ ತಾಕತ್ತು ರೈತನಿಗಿಲ್ಲ, ಹಳ್ಳಿ ಶಾಲೆಗಿಲ್ಲ. ಅಚ್ಚಿನ ಚಿತ್ರವಾದರೆ ಕಡಿಮೆ ಬೆಲೆಗೆ ಕೊಡಬಹುದು. ಪಕ್ಕದ ಮ್ಯಾಕ್‌ಫರ್ಸನ್ ಊರಿನ ಹೈಸ್ಕೂಲಿನಲ್ಲಿ 1910ರ ದಶಕದಲ್ಲಿ ಚಿತ್ರ ಪ್ರದರ್ಶನ ಇಟ್ಟು, ಪ್ರವೇಶಧನದಿಂದ ಬಂದ ದುಡ್ಡಿನಲ್ಲಿ ಶಾಲೆಗೇ ಚಿತ್ರ ಕೊಳ್ಳುವ ಪದ್ಧತಿ ಶುರುವಾಯಿತು. ಅದರ ಹಿಂದೆಯೂ ಸ್ಯಾಂಡ್ಜೇನ್ ಮತ್ತು ಅವರ ಸ್ನೇಹಿತರಿದ್ದರು. ಹೀಗೆ ಕ್ಯಾನ್ಸಸ್ಸಿನ ಶಾಲೆ, ಲೈಬ್ರರಿಗಳ ಗೋಡೆಯ ಮೇಲೆ ಮೂಲ ಕಲಾಕೃತಿಗಳು ಬಂದು ಕೂತವು. ನಮ್ಮ ಅಜ್ಜಿಯರ ಮನೆಗಳಲ್ಲಿ ರವಿವರ್ಮನ ಲಕ್ಷ್ಮಿ ಸರಸ್ವತಿಯರು ಬಂದದ್ದೂ ಅಚ್ಚಿನಿಂದಲೇ. ಅಲ್ಲಿ ಬಂದವರು ದೇವರು, ಇಲ್ಲಿ ಬಂದದ್ದು ಆ ಮನೆಯವರದೇ ಹೊಲದ ಹಿಂದಿನ ಹಳ್ಳ.

1930ರ ಡಿಸೆಂಬರಿನಲ್ಲಿ ಅವರ ಸ್ಟುಡಿಯೋದಲ್ಲೇ ಸೂವರ್ಡ್ ಮೊದಲಾದ ಕಲಾವಿದರು ಸೇರಿ 'ಪ್ರೇರಿ ಪ್ರಿಂಟ್ ಮೇಕರ್ಸ್' ಎಂಬ ಸಂಘ ಕಟ್ಟಿದರು. ಮಹಾ ಆರ್ಥಿಕ ಕುಸಿತದ ವರ್ಷಗಳವು. ಬ್ಯಾಂಕುಗಳು ಮುಚ್ಚುತ್ತಿದ್ದವು, ಸ್ವಲ್ಪ ದಿನದಲ್ಲೇ ಬರ ಬಂದು ಧೂಳಿನ ಬಿರುಗಾಳಿ ಎದ್ದು ಬಯಲಿನ ಮೇಲ್ಮಣ್ಣೇ ಹಾರಿಹೋಯಿತು. ಅಂಥ ಕಾಲದಲ್ಲಿ ಚಂದಾದಾರರಿಗೆ ವರ್ಷಕ್ಕೊಂದು ಹೊಸ ಅಚ್ಚು ಕಳಿಸುವ ಏರ್ಪಾಡು ನಡೆಸಿಕೊಂಡು ಬಂದದ್ದು ಸಣ್ಣ ಸಂಗತಿಯಲ್ಲ.

ಶಿಷ್ಯರಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಆಸ್ಕರ್ ಜಾಕಬ್‌ಸನ್, ಸ್ವೀಡನ್ನಿನಲ್ಲಿ ಹುಟ್ಟಿ ಲಿಂಡ್ಸ್‌ಬೋರ್ಗಿನಲ್ಲಿ ಬೆಳೆದ ಹುಡುಗ. ಮುಂದೆ ಒಕ್ಲಹೋಮಾ ವಿಶ್ವವಿದ್ಯಾಲಯದ ಕಲಾಶಾಲೆಯ ಮುಖ್ಯಸ್ಥರಾದರು. 1920ರ ದಶಕದ ಕೊನೆಗೆ ಅಮೆರಿಕದ ಮೂಲನಿವಾಸಿಗಳಾದ ಕಾಯೊವಾ ಬುಡಕಟ್ಟಿನ ತರುಣ ಚಿತ್ರಕಾರರನ್ನು ವಿಶ್ವವಿದ್ಯಾಲಯಕ್ಕೆ ಕರೆಸಿ ಕೆಲಸ ಮಾಡಲು ಜಾಗ ಕೊಟ್ಟು, ಅವರ ಚಿತ್ರಗಳು ಯುರೋಪಿನವರೆಗೆ ಹೋಗುವಂತೆ ನೋಡಿಕೊಂಡವರು ಇವರೇ. ಗುರುವಿನಂತೆ ಬಣ್ಣ ಬಳಿಯಿರಿ ಎಂದು ಆ ಹುಡುಗರಿಗೆ ಅವರು ಹೇರಲಿಲ್ಲ, ಕಾಯೊವಾ ಚಿತ್ರಗಳು ಕಾಯೊವಾ ಚಿತ್ರಗಳಾಗಿಯೇ ಉಳಿದವು. ಶಿಷ್ಯನನ್ನು ತನ್ನ ನಕಲು ಮಾಡದ ಗುಣ ಗುರುವಿನ ಮನೆಯಿಂದ ಬಂದದ್ದೇ ಎಂದು ನಾನು ನಂಬುತ್ತೇನೆ.

ನಿವೃತ್ತಿಯಾಗಿ ಎಂಟು ವರ್ಷಕ್ಕೆ ಅವರು ತೀರಿಕೊಂಡರು. ಮಗಳು ಮಾರ್ಗರೆಟ್ ಮತ್ತು ಅಳಿಯ ಓಡಾಡಿ ಕಟ್ಟಿಸಿದ ಗ್ಯಾಲರಿ 1957ರಲ್ಲಿ ತೆರೆಯಿತು. ಅಂಗಳದಲ್ಲಿ ಸ್ವೀಡಿಷ್ ಶಿಲ್ಪಿ ಕಾರ್ಲ್ ಮಿಲ್ಲೆಸ್ ಮಾಡಿದ, ಟ್ರೈಟನ್ ಎಂಬ ಗ್ರೀಕ್ ಕಡಲದೇವರ ಸಣ್ಣ ಕಾರಂಜಿ ಇದೆ, ಬೇಸಿಗೆಯಲ್ಲಿ ಡ್ರಾಯಿಂಗಿಗೆ ಕೂರಲು ತಂಪು ಜಾಗ.

ನಿಮ್ಮಲ್ಲಿ ಯಾರಾದರೂ ಓದಲೋ ನೌಕರಿಗೋ ಅಮೆರಿಕಕ್ಕೆ ಬಂದು ಈ ಕಡೆ ಹಾಯುವುದಾದರೆ ಗ್ಯಾಲರಿ ನೋಡಿದ ಮೇಲೆ ಊರಿನ ಅಂಚೆ ಕಚೇರಿಗೂ ಹೋಗಿ. 1930ರ ದಶಕದಲ್ಲಿ ಕೇಂದ್ರ ಸರಕಾರ ಅಂಚೆ ಕಚೇರಿಗಳಿಗೆ ಚಿತ್ರ ಬರೆಸುವ ಯೋಜನೆ ಹಾಕಿತ್ತು. ಸ್ಯಾಂಡ್ಜೇನ್ ಕ್ಯಾನ್ಸಸ್ಸಿನ ಮೂರು ಊರುಗಳಿಗೆ ಬರೆದುಕೊಟ್ಟರು: ಲಿಂಡ್ಸ್‌ಬೋರ್ಗ್, ಬೆಲ್‌ವಿಲ್, ಹಾಲ್‌ಸ್ಟೆಡ್. ಲಿಂಡ್ಸ್‌ಬೋರ್ಗಿನ ಚಿತ್ರದಲ್ಲಿ ಇರುವುದು ಊರ ಪಕ್ಕದ ಅದೇ ಸ್ಮೋಕಿ ನದಿ. ಸ್ಟ್ಯಾಂಪು ಕೊಳ್ಳಲು ಸಾಲಿನಲ್ಲಿ ನಿಂತ ಜನ ತಲೆಯೆತ್ತಿದರೆ ಕಾಣುವಂತೆ ಇದೆ; ಹೆಚ್ಚಿನವರು ಎತ್ತುವುದಿಲ್ಲ, ದಿನಾ ನೋಡುವುದೇ ತಾನೆ. ನೀವು ಹೋಗುವುದಾದರೆ ಭಾನುವಾರ ಬಿಟ್ಟು ಹೋಗಿ, ಅಂಚೆ ಕಚೇರಿಗೆ ರಜೆ.