400 ಮೀಟರ್, 5 ಕಿಲೋಮೀಟರ್: ನನ್ನ ಹೀತ್ ನಕ್ಷೆ ಎಲ್ಲಿಗೆ ಬಂತು

ನಕ್ಷೆಯ ಮೂರನೇ ಪದರ ಕೊನೆಗೂ ಸರಿಯಾಗಿ ಕೂತಿದೆ. ಹೊಸದಾಗಿ ಓದುವವರಿಗೆ ಎರಡು ಮಾತು. ನಾನಿರುವುದು ಇಂಗ್ಲೆಂಡಿನ ಸರ್ರೆಯ ವೋಕಿಂಗ್‌ನಲ್ಲಿ. ಸುತ್ತಮುತ್ತ ಥೇಮ್ಸ್ ಬೇಸಿನ್ ಹೀತ್ಸ್ ಎಂಬ ಕುರುಚಲು ಬಯಲುಗಳಿವೆ. ಮರಳು ಮಣ್ಣು, ಮೊಣಕಾಲೆತ್ತರದ ಹೀದರ್, ನಡುನಡುವೆ ಮುಳ್ಳಿನ ಗಾರ್ಸ್ ಪೊದೆ. ಸರ್ರೆ, ಹ್ಯಾಂಪ್‌ಷೈರ್, ಬರ್ಕ್‌ಷೈರ್‌ಗಳಲ್ಲಿ ತುಂಡುತುಂಡಾಗಿ ಹರಡಿದ ಸುಮಾರು 8,200 ಹೆಕ್ಟೇರ್. ನೈಟ್‌ಜಾರ್, ವುಡ್‌ಲಾರ್ಕ್, ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಮೂರು ಹಕ್ಕಿಗಳ ಹೆಸರಲ್ಲಿ 2005ರಲ್ಲಿ ಇದಕ್ಕೆ ವಿಶೇಷ ರಕ್ಷಣೆ ಸಿಕ್ಕಿತು. ಲಂಡನ್‌ಗೆ ರೈಲಿನಲ್ಲಿ ಬೇಗ ಹೋಗಿಬರಬಹುದಾದ ಜಾಗ, ಹಾಗಾಗಿ ಮನೆ ಕಟ್ಟುವವರ ಕಣ್ಣೂ ಇಲ್ಲೇ. ಹೊಸ ಮನೆಗಳ ಅರ್ಜಿಗಳು ಹೀತ್‌ಗೆ ಎಷ್ಟು ಹತ್ತಿರ, ಆ ಮನೆಗಳವರು ನಾಯಿ ಕರೆದುಕೊಂಡು ಎಲ್ಲಿಗೆ ಹೋಗುತ್ತಾರೆ ಅನ್ನೋದನ್ನು ನೋಡೋಣ ಅಂತ ಈ ನಕ್ಷೆ ಶುರು ಮಾಡಿದೆ.

ಗೆರೆಗಳು

ಇದು ಸುಲಭದ ಕೆಲಸ. ಸರ್ಕಾರದ ಪ್ರಕೃತಿ ಸಂರಕ್ಷಣಾ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್‌ನವರು ಹೀತ್‌ನ ಗಡಿಯ ಫೈಲನ್ನು ಎಲ್ಲರಿಗೂ ಪುಕ್ಕಟೆ ಕೊಡುತ್ತಾರೆ. ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ತಂತ್ರಾಂಶದಲ್ಲಿ ತೆರೆದು, ಸುತ್ತ 400 ಮೀಟರ್ ಮತ್ತು 5 ಕಿ.ಮೀ. ಪಟ್ಟಿ ಎಳೆದರೆ ಮುಗಿಯಿತು.

400 ಮೀಟರ್ ಒಳಗೆ ಮನೆಗಳ ಸಂಖ್ಯೆ ಹೆಚ್ಚಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಳೆ ಮನೆ ಕೆಡವಿ ಅಲ್ಲೇ ಒಂದು ಕಟ್ಟಿಕೊಳ್ಳಬಹುದು, ಆದರೆ ಒಂದಿದ್ದದ್ದನ್ನು ಎರಡು ಮಾಡುವಂತಿಲ್ಲ. ಕಾರಣ ಸರಳ. ಅಷ್ಟು ಹತ್ತಿರ ಇದ್ದರೆ ಜನ ನಡೆದೇ ಒಳಗೆ ಹೋಗುತ್ತಾರೆ, ಬೆಕ್ಕಂತೂ ಕೇಳೋದೇ ಬೇಡ. ಬೇರೆ ಏನು ಸೌಕರ್ಯ ಕೊಟ್ಟರೂ ಬೆಕ್ಕಿಗೆ ಬುದ್ಧಿ ಹೇಳೋಕಾಗಲ್ಲ ಅಲ್ವಾ? ಈ ಗೆರೆ ನನಗೆ ಇಷ್ಟ, ಇದರಲ್ಲಿ ಚೌಕಾಸಿ ಇಲ್ಲ.

ಅಲ್ಲಿಂದ 5 ಕಿ.ಮೀ. ತನಕ ಚೌಕಾಸಿಯೇ ಎಲ್ಲ. ಕಾರಿನಲ್ಲಿ ಹೀತ್‌ಗೆ ಬರುವವರಲ್ಲಿ ಹೆಚ್ಚಿನವರು ಇಷ್ಟು ದೂರದೊಳಗಿನವರು ಎಂಬ ಲೆಕ್ಕದಲ್ಲಿ ಈ ಗೆರೆ ಬಂತು. ಈ ಪಟ್ಟಿಯಲ್ಲಿ ಮನೆ ಕಟ್ಟುವವರು ಎರಡು ಬಾಬ್ತಿಗೆ ಕೊಡಬೇಕು. ಒಂದು, ಹೀತ್‌ನಲ್ಲಿ ಓಡಾಡಿ ಜನರ ಜೊತೆ ಮಾತಾಡುವ ವಾರ್ಡನ್‌ಗಳ ಖರ್ಚು. ಇನ್ನೊಂದು ಸ್ಯಾಂಗ್. ಅಂದರೆ, ಹೀತ್ ಬಿಟ್ಟು ಜನ ಅಲ್ಲಿಗೆ ಹೋಗಲಿ ಅಂತಲೇ ಮಾಡುವ ಬದಲಿ ಹಸಿರು ಜಾಗ.

ಜೂನ್ ಸಂಜೆಗಳು

ಕಂಪ್ಯೂಟರ್ ಮುಂದೆ ಕೂತು ಬೇಜಾರಾದಾಗ ವೋಕಿಂಗ್ ಪಕ್ಕದ ಹೀತ್ ಹಾರ್ಸೆಲ್ ಕಾಮನ್‌ಗೆ ಹೋಗುತ್ತಿದ್ದೇನೆ. ಜೂನ್‌ನಲ್ಲಿ ಇಲ್ಲಿ ಕತ್ತಲಾಗುವಾಗ ಹತ್ತು ಗಂಟೆ ಹತ್ತಿರ. ಆಗ ನೈಟ್‌ಜಾರ್ ಶುರು ಮಾಡುತ್ತದೆ. ಹೊಲಿಗೆ ಯಂತ್ರ ಬಿಡದೆ ತುಳಿದಂತೆ ಗಿರ್ರ್ ಅನ್ನುವ ಒಂದೇ ದನಿ, ನಿಮಿಷಗಟ್ಟಲೆ. ತಲೆ ಆ ಕಡೆ ತಿರುಗಿಸಿದಾಗ ದನಿ ಸ್ವಲ್ಪ ಇಳಿಯುತ್ತದೆ, ಈ ಕಡೆ ತಿರುಗಿಸಿದಾಗ ಏರುತ್ತದೆ. ನಮ್ಮ ಕಡೆಯ ನತ್ತಿಂಗಗಳ ಬಳಗದ್ದೇ ಹಕ್ಕಿ. ಆಫ್ರಿಕಾದಿಂದ ಬಂದು ಬೇಸಿಗೆ ಮುಗಿದ ಮೇಲೆ ವಾಪಸ್.

ಇದು ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ ಎರಡು ಮೊಟ್ಟೆ ಇಟ್ಟು, ಒಣಗಿದ ತೊಗಟೆಯ ಬಣ್ಣದ ಮೈ ಹೊತ್ತು ಸುಮ್ನೆ ಕೂರುತ್ತದೆ. ಕಾಲಿಗೆ ಸಿಗುವಷ್ಟು ಹತ್ತಿರ ಹೋದರೂ ಏಳುವುದಿಲ್ಲ. ಆದರೆ ನಾಯಿಗೆ ವಾಸನೆ ಸಾಕು. ಎಬ್ಬಿಸಿದ ಹಕ್ಕಿ ವಾಪಸ್ ಬರುವಷ್ಟರಲ್ಲಿ ಕಾಗೆ ಮೊಟ್ಟೆ ಹೊತ್ತೊಯ್ದಿರಬಹುದು. ವುಡ್‌ಲಾರ್ಕ್‌ದೂ ನೆಲದ ಗೂಡೇ, ಅದು ಮಾರ್ಚ್‌ನಲ್ಲೇ ಶುರು ಮಾಡುತ್ತದೆ. ಡಾರ್ಟ್‌ಫರ್ಡ್ ವಾರ್ಬ್ಲರ್ ಗಾರ್ಸ್ ಪೊದೆಯಲ್ಲೇ ಚಳಿಗಾಲ ಕಳೆಯುತ್ತದೆ. 1962-63ರ ಚಳಿಗೆ ಇಡೀ ಬ್ರಿಟನ್‌ನಲ್ಲಿ ಉಳಿದದ್ದು ಹತ್ತು ಜೋಡಿಯಷ್ಟು. ಇನ್ನೊಂದು ವಿಷಯ ಜನರ ತಲೆಗೇ ಹೋಗುವುದಿಲ್ಲ: ನಾಯಿಯ ಹೇಲು. ಹೀದರ್‌ಗೆ ಬೇಕಾದದ್ದು ಸಾರವಿಲ್ಲದ ಮಣ್ಣು. ದಾರಿಯ ಅಂಚಿಗೆ ದಿನಾ ಗೊಬ್ಬರ ಬಿದ್ದರೆ ಹುಲ್ಲು ಮೇಲೆ ಬಂದು ಹೀದರನ್ನು ತಳ್ಳುತ್ತದೆ.

ಮೂರನೇ ಪದರ: ಸ್ಯಾಂಗ್

ಜಾಸ್ತಿ ಸಮಯ ತಿಂದದ್ದು ಇದು. ನಿಯಮದ ಪ್ರಕಾರ ಸಾವಿರ ಜನಕ್ಕೆ ಕನಿಷ್ಠ 8 ಹೆಕ್ಟೇರ್. ಮನೆಗೆ ಸರಾಸರಿ 2.4 ಜನ ಎಂದು ಹಿಡಿದರೆ, ನೂರು ಮನೆಗೆ 240 ಜನ, ಅಂದರೆ 1.92 ಹೆಕ್ಟೇರ್. ಜಾಗ ಚಿಕ್ಕದಾದಷ್ಟೂ ಅದು ಲೆಕ್ಕಕ್ಕೆ ಬರುವ ದೂರ ಕಡಿಮೆ. 2ರಿಂದ 12 ಹೆಕ್ಟೇರ್ ಇದ್ದರೆ 2 ಕಿ.ಮೀ. ಒಳಗಿನ ಮನೆಗಳಿಗೆ ಮಾತ್ರ, 20 ದಾಟಿದರೆ 5 ಕಿ.ಮೀ. ತನಕ. ಈ ವೃತ್ತಗಳನ್ನು ಎಳೆದು ಅರ್ಜಿಗಳ ಚುಕ್ಕಿ ಇಟ್ಟ ಮೇಲೆ ಯಾವ ಮನೆ ಯಾವ ಸ್ಯಾಂಗಿನ ಪಾಲಿಗೆ ಬರಬಹುದು ಅಂತ ಗೊತ್ತಾಗುತ್ತದೆ.

ಆದರೆ ಕಾಗದದ ಹೆಕ್ಟೇರ್‌ನಿಂದ ಹಕ್ಕಿ ಉಳಿಯುವುದಿಲ್ಲ. ನಾಯಿಯವರಿಗೆ ಅಲ್ಲಿ ಹೀತ್‌ಗಿಂತ ಚೆನ್ನಾಗಿ ಅನ್ನಿಸಬೇಕು. ಹಗ್ಗ ಬಿಚ್ಚಿ ಬಿಡಲು ಜಾಗ, ಕಾರು ನಿಲ್ಲಿಸಲು ಜಾಗ, 2.3ರಿಂದ 2.5 ಕಿ.ಮೀ. ಸುತ್ತು ದಾರಿ. ಹಾರ್ಸೆಲ್ ಪಕ್ಕದ ಹೆದರ್ ಫಾರ್ಮ್ ನನ್ನ ಪ್ರಕಾರ ಇದಕ್ಕೆ ಒಳ್ಳೆ ಉದಾಹರಣೆ. ಹಿಂದೆ ಅಣಬೆ ಬೆಳೆಯುತ್ತಿದ್ದ ಜಾಗ, ಈಗ ನೀರು, ಹುಲ್ಲು, ಕೆಫೆ ಎಲ್ಲ ಇದೆ. ಪಾರ್ಕಿಂಗ್‌ನಲ್ಲಿ ಕಾರಿನ ಹಿಂಬಾಗಿಲು ತೆರೆದ ಕೂಡಲೇ ನಾಯಿಗಳು ದಾರಿ ಗೊತ್ತಿದ್ದವರ ಹಾಗೆ ಓಡುತ್ತವೆ. ಇನ್ನು ಕೆಲವು ಸ್ಯಾಂಗ್‌ಗಳಿವೆ, ಜನವರಿಯಲ್ಲಿ ಹೋದರೆ ಬೂಟು ಅರ್ಧ ಮುಳುಗುತ್ತದೆ. ಅಲ್ಲಿಗೆ ಒಮ್ಮೆ ಹೋದವರು ಮುಂದಿನ ವಾರ ಮರಳಿನ ಒಣ ದಾರಿ ಹುಡುಕಿಕೊಂಡು ಹೀತ್‌ಗೇ ಬರುತ್ತಾರೆ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗ ಅಳೆಯಬೇಕಾದದ್ದು ಚಳಿಗಾಲದ ಆ ಕೆಸರನ್ನು, ಬೇಸಿಗೆಯ ಚಿತ್ರವನ್ನಲ್ಲ.

ಮುಂದೆ

ನಾಲ್ಕನೇ ಪದರ ಬೆಂಕಿಯದ್ದು. 2011ರ ಸ್ವಿನ್ಲಿ ಫಾರೆಸ್ಟ್, ಆಗಸ್ಟ್ 2020ರ ಚೋಬಂ ಕಾಮನ್, ಎರಡರಿಂದ ಶುರು ಮಾಡುತ್ತೇನೆ. ಅದಕ್ಕೂ ಮೊದಲು ಸ್ಯಾಂಗ್ ದಾರಿಗಳ ಸ್ಥಿತಿಯನ್ನು ತಿಂಗಳುವಾರು ಸೇರಿಸಬೇಕು. ಇತ್ತ ಕಡೆ ಇರುವವರು ಯಾರಾದರೂ ನವೆಂಬರ್‌ನಿಂದ ಮಾರ್ಚ್ ಒಳಗೆ ನಡೆದ ಜಿಪಿಎಸ್ ಫೈಲ್ ಇಟ್ಟುಕೊಂಡಿದ್ದರೆ ಕಳಿಸಿ. ಎಲ್ಲಿ ಕೆಸರು ಇತ್ತು, ಎಲ್ಲಿಂದ ವಾಪಸ್ ತಿರುಗಿದಿರಿ ಅನ್ನೋದನ್ನೂ ಬರೆದರೆ ಉಪಕಾರ.