ತೊಗರಿ ಹೂ ಬಿಟ್ಟಿದೆ

ಬೆಳಿಗ್ಗೆ ಶರಣಬಸವೇಶ್ವರ ಗುಡಿಗೆ ಅಂತ ಹೊರಟವನು ಯಾಕೋ ಗಾಡಿ ತಿರುಗಿಸಿ ಹೊಲಕ್ಕೆ ಹೋದೆ. ಕಲಬುರಗಿಯಿಂದ ಆಳಂದ ರಸ್ತೆ ಹಿಡಿದರೆ ಈಗ ಎರಡೂ ಕಡೆ ಹಳದಿಯೋ ಹಳದಿ. ಮಳೆ ನಿಂತು ತಿಂಗಳಾಯ್ತು, ಮೇಲಿನ ಮಣ್ಣು ಆಗಲೇ ಬಿರುಕು ಬಿಡ್ತಾ ಇದೆ, ಕಾಲಿಟ್ಟರೆ ಹೆಂಟೆ ಚುಚ್ಚುತ್ತದೆ, ಆದರೂ ಗಿಡ ಮಾತ್ರ ಜೇನುಹುಳಗಳನ್ನು ಕರೆದು ಹಬ್ಬ ಮಾಡ್ತಾ ನಿಂತಿದೆ! ಇದಕ್ಕೆ ನೀರು ಎಲ್ಲಿಂದ ಅಂತ ಕೇಳಿದ್ದಕ್ಕೆ ಪಕ್ಕದ ಹೊಲದ ಕಾಕಾ ನಕ್ಕರು. "ಬೇರು ಕೆಳಗ ಇಳದಾವ ತಮ್ಮಾ. ಎರಿ ಮಣ್ಣು ನೀರು ಹಿಡ್ಕೊಂಡು ಕೂತದ." ಅಷ್ಟೇ ಹೇಳಿ ಬೀಡಿ ಹಚ್ಚಿದರು.

ಬೇರಿನ ಗಂಟುಗಳಲ್ಲಿ ಕೂತ ಕಣ್ಣಿಗೆ ಕಾಣದ ಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನೇ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತವೆ ಅಂತ ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಗೆ ಬರೆದು ಮರೆತೂ ಬಿಟ್ಟಿದ್ದೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ (ಇದು ಈ ನೆಲದ್ದೇ ಅನ್ನೋ ಸರ್ಕಾರಿ ಗುರುತು) ಬಂದಾಗ ಜಂಬದಿಂದ ಸ್ಟೇಟಸ್ ಹಾಕಿದವನು ನಾನು. ಗಿಡದ ಮುಂದೆ ಹೀಗೆ ಕೂತಿದ್ದು ಇವತ್ತೇ ಮೊದಲು, ನಾಚಿಕೆ ಅಲ್ವಾ.

ಗುಡಿಗೆ ಹೋಗಲಿಲ್ಲ. ಹೋಗಿ ಬಂದ ಹಾಗೇ ಇತ್ತು. ಪ್ಯಾಂಟಿಗೆಲ್ಲ ಹಳದಿ ಪುಡಿ, ಮನೆಯಲ್ಲಿ ಅವ್ವನ ಹತ್ತಿರ ಬೈಸಿಕೊಂಡೆ.