ಬೆನ್ನ ಮೇಲೆ ಹಗುರ, ಮರದ ಮೇಲೆ ಗಟ್ಟಿ: ಬಿಲ್ಲುಬೇಟೆಗೆ ಟ್ರೀ ಸ್ಟ್ಯಾಂಡ್ ಆರಿಸುವಾಗ

ಟ್ರೀ ಸ್ಟ್ಯಾಂಡ್ ಎಂದರೆ ಬೇಟೆಗಾರ ಮರದ ಮೇಲೆ ಕೂರಲು ಕಟ್ಟಿಕೊಳ್ಳುವ ಅಟ್ಟಣೆ. ಅದರ ಪೆಟ್ಟಿಗೆಯ ಮೇಲೆ 10 ಪೌಂಡ್ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಎಷ್ಟೋ ಸಲ ಆ ಲೆಕ್ಕದಲ್ಲಿ ಮರಕ್ಕೆ ಬಿಗಿಯುವ ಪಟ್ಟಿ ಸೇರಿರುವುದಿಲ್ಲ, ಬೆನ್ನಿಗೆ ಹೊರುವ ಪಟ್ಟಿಗಳೂ ಸೇರಿರುವುದಿಲ್ಲ. ಮರ ಹತ್ತಲು ಕಾಂಡಕ್ಕೆ ಬಿಗಿಯುವ ಮೆಟ್ಟಿಲುಕೋಲುಗಳ, ಅಂದರೆ ಸ್ಟಿಕ್‌ಗಳ, ತೂಕ ಬೇರೆ. ಬೀಳದಂತೆ ಮೈಗೆ ತೊಡುವ ಹಾರ್ನೆಸ್, ಹಗ್ಗಗಳು, ಬಿಲ್ಲು, ಬತ್ತಳಿಕೆ, ದಪ್ಪ ಜಾಕೆಟ್ಟು ಎಲ್ಲ ಸೇರಿಸಿ ತೂಕದ ಯಂತ್ರದ ಮೇಲೆ ಇಟ್ಟರೆ ಮುಳ್ಳು 30 ಪೌಂಡ್ ದಾಟುವುದು ಸಾಮಾನ್ಯ, ಅಂದರೆ 13.5 ಕೆಜಿಗೂ ಮೇಲೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಾರಿನಿಂದ ಮರದ ತನಕ, ನೆಲದಿಂದ ಸೀಟಿನ ತನಕ ಬೇಕಾಗುವ ಅಷ್ಟೂ ಸಾಮಾನಿನ ಒಟ್ಟು ತೂಕ ಎಷ್ಟು? ಸ್ಟ್ಯಾಂಡಿನಲ್ಲಿ ಎರಡು ಪೌಂಡ್ ಉಳಿಸಿ, ಅದು ಚಿಕ್ಕದಾಯಿತೆಂದು ಇನ್ನೊಂದು ಸ್ಟಿಕ್ಕನ್ನೋ ಕಾಲೂರುವ ಮೆಟ್ಟಿಲನ್ನೋ ಸೇರಿಸಿದರೆ ಉಳಿದದ್ದೇನೂ ಇಲ್ಲ.

ಅಮೆರಿಕದ ಕಾಡುಗಳಲ್ಲಿ ವೈಟ್‌ಟೇಲ್ ಜಿಂಕೆಗೆ ಬಿಲ್ಲು ಹಿಡಿದು ಹೋಗುವವರಿಗೆ ಹೊತ್ತೊಯ್ಯುವ ಸ್ಟ್ಯಾಂಡ್ ಬೇಕಾಗಲು ಕಾರಣಗಳಿವೆ. ಸಾರ್ವಜನಿಕ ಜಮೀನುಗಳಲ್ಲಿ ಅನೇಕ ಕಡೆ ಸ್ಟ್ಯಾಂಡನ್ನು ರಾತ್ರಿ ಮರದ ಮೇಲೆ ಬಿಟ್ಟುಬರುವಂತಿಲ್ಲ, ಅಥವಾ ಹೆಸರಿನ ಚೀಟಿ ಇಲ್ಲದೆ ಬಿಡುವಂತಿಲ್ಲ. ಮರಕ್ಕೆ ತಿರುಪು ಹಾಕುವ ಮೆಟ್ಟಿಲುಗಳಿಗೂ ಬಹಳ ಕಡೆ ನಿಷೇಧವಿದೆ. ಅವು ಮರಕ್ಕೆ ಗಾಯ ಮಾಡುತ್ತವೆ, ಒಳಗೇ ಉಳಿದ ಕಬ್ಬಿಣ ಮುಂದೆ ಗರಗಸದ ಹಲ್ಲನ್ನೂ ಮುರಿಯುತ್ತದೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಮಾತ್ರವಲ್ಲ, ಪಕ್ಕಪಕ್ಕದ ಎರಡು ಜಮೀನುಗಳ ನಡುವೆಯೂ ಬೇರೆಯಾಗಬಹುದು. ಮೊದಲು ಅದನ್ನು ಓದಿಕೊಂಡು ಆಮೇಲೆ ದುಡ್ಡು ಬಿಚ್ಚಿ.

ಹೊರಬಲ್ಲ ಅಟ್ಟಣೆಗಳಲ್ಲಿ ಮೂರು ಜಾತಿ. ಕ್ಲೈಂಬರ್ ಎಂದರೆ ಎರಡು ತುಂಡಿನದು: ಮೇಲಿನದು ಸೀಟು, ಕೆಳಗಿನದು ಕಾಲಿಡುವ ಹಲಗೆ. ಒಂದನ್ನು ಎತ್ತಿ, ಇನ್ನೊಂದನ್ನು ಎಳೆದುಕೊಂಡು ಕಂಬಳಿಹುಳದಂತೆ ಮೇಲೇರುವುದು. ತೂಕ ಸುಮಾರು 20 ಪೌಂಡ್, ಸ್ಟಿಕ್ ಬೇಡವೇ ಬೇಡ. ಆದರೆ ಮರ ಕಂಬದ ಹಾಗೆ ನೆಟ್ಟಗಿರಬೇಕು, ಕೊಂಬೆ ಇರಬಾರದು, ತೊಗಟೆ ಹಿಡಿತ ಕೊಡಬೇಕು. ಶ್ಯಾಗ್‌ಬಾರ್ಕ್ ಹಿಕರಿಯ ತೊಗಟೆ ಚಕ್ಕೆಚಕ್ಕೆಯಾಗಿ ಕಿತ್ತುಬರುತ್ತದೆ, ಬೀಚ್ ಮರದ ಮೈ ನುಣುಪು. ಎರಡೂ ಕ್ಲೈಂಬರಿಗೆ ಒಳ್ಳೆಯವಲ್ಲ. ಮರ ಮೇಲೆ ಹೋದಂತೆ ಸಣ್ಣದಾಗುತ್ತದೆ, ಹಲಗೆಯ ಮುಂಭಾಗ ಕೆಳಗೆ ವಾಲುತ್ತದೆ. ಹಾಗಾಗಿ ನೆಲದಲ್ಲಿ ಕಟ್ಟುವಾಗಲೇ ಮುಂಭಾಗವನ್ನು ತುಸು ಮೇಲೆತ್ತಿ ಕಟ್ಟಬೇಕು. ಎರಡು ತುಂಡುಗಳನ್ನೂ ಒಂದು ಹಗ್ಗದಿಂದ ಜೋಡಿಸದೆ ಹತ್ತಲೇಬಾರದು. ಕಾಲು ಜಾರಿ ಕೆಳಗಿನ ಹಲಗೆ ನೆಲಕ್ಕೆ ಬಿದ್ದರೆ, ಮನುಷ್ಯ 18 ಅಡಿ ಎತ್ತರದಲ್ಲಿ ಸೀಟನ್ನು ಅಪ್ಪಿಕೊಂಡು ನೇತಾಡುವ ಸ್ಥಿತಿ. ಬಿಲ್ಲಿಗೆ ಬೇಕಾದದ್ದು ಮುಂದೆ ಅಡ್ಡಪಟ್ಟಿ ಇಲ್ಲದ ಮಾದರಿ. ಬಂದೂಕು ಒರಗಿಸಲೆಂದು ಕೊಟ್ಟಿರುವ ಆ ಪಟ್ಟಿ ಬಿಲ್ಲಿನ ಕೆಳತುದಿಗೆ ಸರಿಯಾಗಿ ಅಡ್ಡ ಬರುತ್ತದೆ.

ಇನ್ನೊಂದು ತುದಿಯಲ್ಲಿ ಸ್ಯಾಡಲ್ ಇದೆ. ಸೊಂಟ-ತೊಡೆಗೆ ಕಟ್ಟಿಕೊಳ್ಳುವ ಜೋಳಿಗೆ, ಮರಕ್ಕೆ ಕಟ್ಟಿದ ಹಗ್ಗಕ್ಕೆ ಒರಗಿ ನಿಲ್ಲುವುದು, ಕಾಲಿಗೆ ಮೂರು-ನಾಲ್ಕು ಪೌಂಡಿನ ಸಣ್ಣ ಹಲಗೆ. ಹೊರುವುದಕ್ಕೆ ಇದಕ್ಕಿಂತ ಹಗುರ ಬೇರಿಲ್ಲ, ವಾಲಿದ ಮರಕ್ಕೂ ನಡೆಯುತ್ತದೆ, ಮರದ ಕಾಂಡವನ್ನೇ ಮರೆ ಮಾಡಿಕೊಳ್ಳಬಹುದು. ಆದರೆ ನಾಲ್ಕು ಗಂಟೆ ಕೂತರೆ ಸೊಂಟದ ಎಲುಬಿನ ಬದಿ ಮತ್ತು ಮೊಣಕಾಲು ದೂರು ಹೇಳುತ್ತವೆ. ಬಲಗೈಯವರಿಗೆ ಬಲಬದಿಗೆ ಬಾಣ ಬಿಡುವುದು ಕಷ್ಟ, ಜೋಳಿಗೆಯ ಮುಂದೆ ಅಡ್ಡ ಬರುವ ಹಗ್ಗದ ಸೇತುವೆಯನ್ನು ದಾಟಿ ತಿರುಗುವ ಅಭ್ಯಾಸ ಬೇಕು. ಒಂದು ಬೇಸಿಗೆ ಪೂರ್ತಿ ಹಿತ್ತಲಲ್ಲಿ ಅಭ್ಯಾಸ ಮಾಡಲು ಸಮಯ ಇಲ್ಲದವರು ಸ್ಯಾಡಲ್ ಕೊಳ್ಳದಿರುವುದು ವಾಸಿ.

ನಡುವಿನದು ಹ್ಯಾಂಗ್-ಆನ್, ಮರಕ್ಕೆ ನೇತುಹಾಕಿ ಪಟ್ಟಿಯಿಂದ ಬಿಗಿಯುವ ಸ್ಟ್ಯಾಂಡ್. ತೂಕ 8ರಿಂದ 15 ಪೌಂಡ್. ಕೊಂಬೆಗಳ ನಡುವೆಯೂ ಕೂರುತ್ತದೆ, ಡೊಂಕು ಮರಕ್ಕೂ ಹೊಂದುತ್ತದೆ. ಬಿಲ್ಲುಬೇಟೆಗೆ ಒಂದೇ ಒಂದು ಸ್ಟ್ಯಾಂಡ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ. ಮುಂದಿನ ಮಾತು ಹೆಚ್ಚಾಗಿ ಇದರದ್ದೇ.

ಹ್ಯಾಂಗ್-ಆನ್‌ನಲ್ಲಿ ತೂಕ ಇಳಿಸಲು ತಯಾರಕರು ಮೊದಲು ಕತ್ತರಿ ಹಾಕುವುದು ಹಲಗೆಯ ಅಳತೆಗೆ. ಬಿಲ್ಲುಗಾರನಿಗೆ ಅತ್ಯಂತ ಬೇಕಾದದ್ದೂ ಅದೇ. ಚಳಿಗಾಲದ ಬೂಟು 12 ಅಂಗುಲಕ್ಕೂ ಉದ್ದ. ಎರಡೂ ಕಾಲು ಭುಜದಗಲ ಇಟ್ಟು, ಅರ್ಧ ಸುತ್ತು ತಿರುಗಿ, ಹೆದೆ ಎಳೆಯುವಾಗ ಹಿಮ್ಮಡಿ ಅಂಚಿನ ಹೊರಗೆ ಹೋಗಬಾರದು. 20 ಅಂಗುಲ ಅಗಲ, 26 ಅಂಗುಲ ಉದ್ದಕ್ಕಿಂತ ಕಡಿಮೆಯಾದರೆ ಕಾಲು ಎಲ್ಲಿದೆ ಎಂಬ ಯೋಚನೆಯೇ ತಲೆಯಲ್ಲಿ ಕೂರುತ್ತದೆ. ಜಿಂಕೆ ಬಂದಾಗ ತಲೆಯಲ್ಲಿ ಬೇರೆ ಯೋಚನೆ ಇರಬಾರದು. ಎರಡು ಪೌಂಡ್ ಹೆಚ್ಚಾದರೂ ದೊಡ್ಡ ಹಲಗೆ ತೆಗೆದುಕೊಳ್ಳಿ. ಸೀಟು ಹಿಂದಕ್ಕೆ ಮಡಚಿ ಕಾಂಡಕ್ಕೆ ಒರಗುವಂತಿರಲಿ, ಎತ್ತರ 20 ಅಂಗುಲದ ಆಸುಪಾಸಿರಲಿ. ತಗ್ಗಿನ ಸೀಟಿನಿಂದ ನಿಧಾನವಾಗಿ ಏಳಲಾಗುವುದಿಲ್ಲ, ಮೊಣಕಾಲು ಒಮ್ಮೆಗೇ ಜಗ್ಗಿ ಎಬ್ಬಿಸಬೇಕಾಗುತ್ತದೆ. ಆ ಹಠಾತ್ ಚಲನೆಯನ್ನು ಜಿಂಕೆ ಕಾಣದೆ ಬಿಡುವುದಿಲ್ಲ. ಹಲಗೆಯ ಮತ್ತು ಸೀಟಿನ ಓರೆಯನ್ನು ಬೇರೆಬೇರೆಯಾಗಿ ಸರಿಪಡಿಸುವ ವ್ಯವಸ್ಥೆ ಇದ್ದರೆ ವಾಲಿದ ಮರದಲ್ಲೂ ಮಟ್ಟವಾಗಿ ಕೂರಬಹುದು.

ಬಿಲ್ಲಿನ ಕೆಳತುದಿಯ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಿ. ಎರಡೂ ತುದಿಯಲ್ಲಿ ಕ್ಯಾಮ್ ಎಂಬ ಗಾಲಿ ಇರುವ ಈಗಿನ ಕಾಂಪೌಂಡ್ ಬಿಲ್ಲುಗಳು ಗಾಲಿಯ ಅಚ್ಚಿನಿಂದ ಅಚ್ಚಿಗೆ 30-33 ಅಂಗುಲ ಇರುತ್ತವೆ, ಅದರಲ್ಲಿ ಅರ್ಧ ಹಿಡಿಗಿಂತ ಕೆಳಗೆ. ಕೂತು, ಕೆಳಗೆ ಗುರಿಯಿಟ್ಟು ಎಳೆದರೆ ಕೆಳಗಿನ ಕ್ಯಾಮ್ ತೊಡೆಯ ಪಕ್ಕಕ್ಕೋ ಸೀಟಿನ ಅಂಚಿಗೋ ಬರುತ್ತದೆ. ಬಾಣ ಬಿಟ್ಟ ಕ್ಷಣ ಕ್ಯಾಮ್ ಏನಕ್ಕಾದರೂ ತಗುಲಿದರೆ ಬಾಣ ಎಲ್ಲಿಗೋ ಹೋಗುತ್ತದೆ, ಹೆದೆ ಕಳಚಿಕೊಳ್ಳುವ ಅಪಾಯವೂ ಇದೆ. ಸ್ಟ್ಯಾಂಡನ್ನು ನೆಲದಿಂದ ಒಂದಡಿ ಎತ್ತರಕ್ಕೆ ಕಟ್ಟಿ, ಹಾರ್ನೆಸ್ ತೊಟ್ಟು, ಬೇಟೆಯ ಅದೇ ಜಾಕೆಟ್ಟಿನಲ್ಲಿ ಬಿಲ್ಲು ಎಳೆದು ನೋಡಿ. ಕೂತು ಎಡಕ್ಕೆ, ನಿಂತು ಎಡಕ್ಕೆ, ಎದುರಿಗೆ, ಬಲಕ್ಕೆ. ಹತ್ತು ನಿಮಿಷದ ಈ ಪರೀಕ್ಷೆ ಯಾವ ಜಾಹೀರಾತಿಗಿಂತಲೂ ಹೆಚ್ಚು ಹೇಳುತ್ತದೆ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಎಡಬದಿ ಸಲೀಸು. ಹಾಗಾಗಿ ಜಿಂಕೆಯ ದಾರಿ ಎಡಕ್ಕೆ ಬೀಳುವಂತೆ ಮರದ ಸುತ್ತ ಸ್ಟ್ಯಾಂಡಿನ ದಿಕ್ಕು ಆರಿಸಬೇಕು.

ಎತ್ತರ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಬಿಲ್ಲಿನ ಮಟ್ಟಿಗೆ ತಪ್ಪು. 20 ಅಡಿ ಎತ್ತರದ ಹಲಗೆಯ ಮೇಲೆ ನಿಂತವನ ಕಣ್ಣು ಸುಮಾರು 25 ಅಡಿಯಲ್ಲಿರುತ್ತದೆ. ಜಿಂಕೆ 20 ಗಜ ದೂರದಲ್ಲಿದ್ದರೆ ಬಾಣ ಇಳಿಯುವ ಕೋನ ಸುಮಾರು 21 ಡಿಗ್ರಿ. ಅದೇ ಜಿಂಕೆ 5 ಗಜಕ್ಕೆ ಬಂದರೆ 57 ಡಿಗ್ರಿ. ಅಷ್ಟು ಕಡಿದಾದಾಗ ಬಾಣಕ್ಕೆ ಸಿಗುವ ಎದೆಗೂಡಿನ ಕಿಂಡಿ ಕಿರಿದಾಗಿ, ಒಂದೇ ಶ್ವಾಸಕೋಶಕ್ಕೆ ತಗುಲುವ ಸಂಭವ ಹೆಚ್ಚುತ್ತದೆ. ಒಂದೇ ಶ್ವಾಸಕೋಶಕ್ಕೆ ಗಾಯವಾದ ಪ್ರಾಣಿ ಬಹಳ ದೂರ ಓಡುತ್ತದೆ, ನರಳುತ್ತದೆ, ಎಷ್ಟೋ ಸಲ ಸಿಗುವುದೇ ಇಲ್ಲ. 16ರಿಂದ 20 ಅಡಿ ಸಾಕು. ಹಿಂದೆ ಒಳ್ಳೆ ಮರೆ ಇದ್ದರೆ 14 ಅಡಿಯೂ ನಡೆಯುತ್ತದೆ. ಕೆಳಗೆ ಗುರಿಯಿಡುವಾಗ ಸೊಂಟದಿಂದ ಬಾಗಬೇಕು. ತೋಳನ್ನಷ್ಟೇ ಇಳಿಸಿದರೆ ಎಳೆತದ ಉದ್ದ ಬದಲಾಗಿ ಬಾಣ ಗುರಿ ತಪ್ಪುತ್ತದೆ.

ಈ ಎತ್ತರವೇ ಸ್ಟಿಕ್‌ಗಳ ಲೆಕ್ಕವನ್ನೂ ನಿರ್ಧರಿಸುತ್ತದೆ. 32 ಅಂಗುಲದ ಸ್ಟಿಕ್ ಒಂದಕ್ಕೆ, ನಡುವಿನ ಅಂತರ ಸೇರಿ, ಹೆಚ್ಚುಕಡಿಮೆ 4 ಅಡಿ ಏರಬಹುದು. ನಾಲ್ಕಿದ್ದರೆ 16 ಅಡಿ. 20 ಅಂಗುಲದವು ನಾಲ್ಕಿದ್ದರೆ 12-13 ಅಡಿ. ಗಿಡ್ಡ ಸ್ಟಿಕ್ ಹೊರಲು ಚೆಂದ, ಆದರೆ ಎತ್ತರ ಸಾಲದೆ ಜನ ಕೆಳಗೆ ಪಟ್ಟಿಯ ಕುಣಿಕೆ, ಅಂದರೆ ಏಡರ್, ಕಟ್ಟುತ್ತಾರೆ. ತೂಕ ಏನೂ ಇಲ್ಲ, ಒಂದು ಮೆಟ್ಟಿಲು ಸಿಕ್ಕಿತು ನಿಜ. ಹತ್ತುವಾಗ ಕಣ್ಣಿಗೆ ಕಾಣುವ ಕುಣಿಕೆ ಇಳಿಯುವಾಗ ಕತ್ತಲಲ್ಲಿ ಕಾಲಿಗೆ ಸಿಗುವುದಿಲ್ಲ, ಸಿಕ್ಕರೂ ಕಾಲು ಮರದ ಕಡೆಗೆ ತೂಗುತ್ತದೆ. ಅಭ್ಯಾಸವಿಲ್ಲದೆ ಕಟ್ಟಬೇಡಿ. ಸ್ಟಿಕ್ಕಿನ ಪಟ್ಟಿ ಬಿಗಿದ ಮೇಲೆ ಅದನ್ನು ಕೆಳಕ್ಕೆ ಜಗ್ಗಿ, ಹಲ್ಲುಗಳು ತೊಗಟೆಯಲ್ಲಿ ಕೂತವೆಂದು ಖಾತ್ರಿ ಮಾಡಿಕೊಂಡೇ ಕಾಲಿಡಬೇಕು. ಸಡಿಲ ಇದ್ದರೆ ಒಂದು ಬದಿಯ ಮೆಟ್ಟಿಲ ಮೇಲೆ ಭಾರ ಬಿದ್ದೊಡನೆ ಸ್ಟಿಕ್ ಮರದ ಸುತ್ತ ಗಿರ್ರನೆ ತಿರುಗುತ್ತದೆ. ಕೊನೆಯ ಮೆಟ್ಟಿಲು ಹಲಗೆಯ ಮಟ್ಟಕ್ಕಿಂತ ಮೇಲಿರಲಿ. ಸ್ಟ್ಯಾಂಡಿಗೆ ಇಳಿದು ಕಾಲಿಡಬೇಕೇ ಹೊರತು ಸೀಟನ್ನು ಹಿಡಿದು ಜಗ್ಗಿ ಮೇಲೇರಬಾರದು.

ಕಟ್ಟುವ ಕ್ರಮ ಹೀಗೆ. ಸೊಂಟಕ್ಕೆ ಲೈನ್‌ಮ್ಯಾನ್ ಬೆಲ್ಟ್ ಹಾಕಿ ಮರವನ್ನು ಸುತ್ತಿಕೊಂಡರೆ ಎರಡೂ ಕೈ ಖಾಲಿ. ಸ್ಟ್ಯಾಂಡನ್ನು ಹಗ್ಗದಿಂದ ಮೇಲೆಳೆದುಕೊಂಡು, ಹಲಗೆಯನ್ನು ಮಡಚಿದ ಸ್ಥಿತಿಯಲ್ಲೇ ಸ್ಟ್ಯಾಂಡಿನ ಹಿಂಬದಿಯ ಕಂಬವನ್ನು ಕಾಂಡಕ್ಕೆ ಒತ್ತಿ, ಪಟ್ಟಿಯನ್ನು ಸುತ್ತಿ ತಂದು ಆದಷ್ಟೂ ಬಿಗಿಯಿರಿ. ಆಮೇಲೆ ಹಲಗೆಯನ್ನು ಕೆಳಗೆ ಬಿಚ್ಚಿ ಒತ್ತಿದರೆ ಅದು ಸನ್ನೆಗೋಲಿನಂತೆ ಕೆಲಸ ಮಾಡಿ ಹಿಂದಿನ ಹಲ್ಲುಗಳನ್ನು ತೊಗಟೆಗೆ ಊರುತ್ತದೆ. ಆ ಊರುವ ಸದ್ದು, ಒಂದು ಸಣ್ಣ ಕರಕ್, ಕೇಳಿಸಬೇಕು. ಹಲಗೆಯ ಮೇಲೆ ಭಾರ ಹಾಕಿ ಎಡಬಲ ಅಲ್ಲಾಡಿಸಿದಾಗ ಸ್ಟ್ಯಾಂಡ್ ಕದಲಿದರೆ ಹಲಗೆ ಎತ್ತಿ, ಪಟ್ಟಿ ಮತ್ತೆ ಬಿಗಿದು, ಮೊದಲಿನಿಂದ ಮಾಡಿ. ಹೀಗೆ ಕೂರಿಸದ ಸ್ಟ್ಯಾಂಡೇ ಚಳಿಯ ಮುಂಜಾನೆ ಕಾಲು ಬದಲಿಸಿದಾಗಲೆಲ್ಲ ಕಿರುಗುಟ್ಟುವುದು.

ಸದ್ದಿನ ಉಳಿದ ಮೂಲ ಲೋಹಕ್ಕೆ ಲೋಹ ತಾಗುವ ಜಾಗಗಳು. ಕೀಲುಗಳಲ್ಲಿ ನೈಲಾನ್ ವಾಷರ್ ಇದೆಯೇ ನೋಡಿ. ಸೀಟು ಮಡಚಿದಾಗ ಕಂಬಕ್ಕೆ ಬಡಿಯುವ ಕಡೆ, ಸ್ಟಿಕ್‌ಗಳು ಒಂದಕ್ಕೊಂದು ತಾಗುವ ಕಡೆ ಬಟ್ಟೆಯ ಟೇಪು ಸುತ್ತಿ. ಕಟಕಟ ಎನ್ನುವ ರಾಚೆಟ್ ಪಟ್ಟಿಗಿಂತ ಎಳೆದರೆ ತಾನೇ ಕಚ್ಚಿಕೊಳ್ಳುವ ಕ್ಯಾಮ್ ಬಕಲ್ ಮೌನಿ.

ಮರದ ಆಯ್ಕೆಯಲ್ಲಿ ರಾಜಿ ಬೇಡ. ಜೀವಂತ ಮರವೇ ಆಗಬೇಕು. 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆ ಅಲ್ಲಿಂದೀಚೆಗೆ ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ಸತ್ತ ಆ್ಯಶ್ ಬೇಗ ಪೆಡಸಾಗಿ, ನೆಟ್ಟಗೆ ನಿಂತಿದ್ದರೂ ಒಳಗೇ ಮುರಿಯಲು ಸಿದ್ಧವಾಗಿರುತ್ತದೆ. ಎಲೆ ಉದುರಿದ ಕಾಲದಲ್ಲಿ ಸತ್ತದ್ದೂ ಬದುಕಿದ್ದೂ ಒಂದೇ ಥರ ಕಾಣುವುದರಿಂದ ಬೇಸಿಗೆಯಲ್ಲೇ ಮರ ನೋಡಿ ಗುರುತಿಟ್ಟುಕೊಳ್ಳುವುದು ಕ್ಷೇಮ.

ಹಾರ್ನೆಸ್ಸಿನ ತೂಕ ಉಳಿಸುವ ಮಾತೇ ಬೇಡ. ಇಡೀ ಮೈಗೆ ತೊಡುವ ಹಾರ್ನೆಸ್ಸೇ ಬೇಕು, ಎದೆಗಷ್ಟೇ ಕಟ್ಟುವ ಬೆಲ್ಟ್ ಉಸಿರು ಕಟ್ಟಿಸುತ್ತದೆ. ಹತ್ತುವಾಗ, ಇಳಿಯುವಾಗ, ಸ್ಟ್ಯಾಂಡಿಗೆ ಕಾಲಿಡುವಾಗಲೇ ಜನ ಹೆಚ್ಚಾಗಿ ಬೀಳುವುದು. ಆದ್ದರಿಂದ ಮೇಲೆ ಹೋಗಿ ಕಟ್ಟಿಕೊಂಡರೆ ಸಾಲದು, ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವ ತನಕ ಮರಕ್ಕೆ ಕಟ್ಟಿಕೊಂಡಿರಬೇಕು. ಒಂದೇ ಮರಕ್ಕೆ ಮತ್ತೆಮತ್ತೆ ಹೋಗುವುದಾದರೆ ಮೇಲಿನಿಂದ ನೆಲದ ತನಕ ಲೈಫ್‌ಲೈನ್ ಹಗ್ಗ ಬಿಟ್ಟು, ಅದರ ಮೇಲೆ ಪ್ರೂಸಿಕ್ ಗಂಟು, ಅಂದರೆ ಭಾರ ಬಿದ್ದರೆ ಹಗ್ಗಕ್ಕೆ ಕಚ್ಚಿಕೊಳ್ಳುವ ಗಂಟು, ಜಾರಿಸಿಕೊಂಡು ಹೋಗಬಹುದು. ಪ್ರೂಸಿಕ್‌ನ ದಾರ ಮುಖ್ಯ ಹಗ್ಗಕ್ಕಿಂತ ತೆಳ್ಳಗಿರಬೇಕು, 11 ಮಿಮೀ ಹಗ್ಗಕ್ಕೆ 8 ಮಿಮೀ ದಾರದಂತೆ. ಸಮ ಇದ್ದರೆ ಗಂಟು ಕಚ್ಚುವುದಿಲ್ಲ. ಸುತ್ತುಗಳು ಒಂದರ ಮೇಲೊಂದು ಏರದೆ ಸಾಲಾಗಿ ಕೂತಿರಲಿ. ಕೂತಾಗ ಹಾರ್ನೆಸ್ಸನ್ನು ಮರಕ್ಕೆ ಜೋಡಿಸುವ ಪಟ್ಟಿ, ಅಂದರೆ ಟೆದರ್, ತಲೆಗಿಂತ ಮೇಲೆ, ಸಡಿಲವೇ ಇಲ್ಲದಂತಿರಲಿ. ಬಿದ್ದು ನೇತಾಡಿದರೆ ತೊಡೆಯ ಪಟ್ಟಿ ರಕ್ತ ತಡೆಯುತ್ತದೆ, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಕಾಲೂರಿ ನಿಲ್ಲಲು ಕುಣಿಕೆ ಪಟ್ಟಿಯೊಂದು ಜೇಬಿನಲ್ಲಿರಲೇಬೇಕು. ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಹತ್ತಬೇಡಿ. ಬಾಣಗಳ ಅಲಗುಗಳು ಬತ್ತಳಿಕೆಯ ಮುಚ್ಚಳದೊಳಗೆ ಭದ್ರವಾಗಿರಲಿ, ಬಿಲ್ಲು ನೆಲದಲ್ಲಿರಲಿ. ಕೂತು ಟೆದರ್ ಹಾಕಿಕೊಂಡ ಮೇಲೆ ಹಗ್ಗದಿಂದ ಎಳೆದುಕೊಳ್ಳಿ.

300 ಪೌಂಡ್ ತಡೆಯುತ್ತದೆ ಎಂದು ಬರೆದಿದ್ದರೆ ಅದು ದೇಹದ ತೂಕಕ್ಕಷ್ಟೇ ಕೊಟ್ಟ ಅಂಕಿಯಲ್ಲ. ಬೂಟು, ಬಟ್ಟೆ, ಬಿಲ್ಲು, ಚೀಲ ಎಲ್ಲ ಅದರೊಳಗೇ ಬರಬೇಕು. ಪ್ರತಿ ವರ್ಷ ಋತು ಶುರುವಾಗುವ ಮೊದಲು ಸ್ಟ್ಯಾಂಡನ್ನು ಬಿಸಿಲಿಗೆ ತಂದು, ಹಲಗೆಯನ್ನು ಹಿಡಿದಿಡುವ ಎರಡು ಉಕ್ಕಿನ ಕೇಬಲ್ಲುಗಳನ್ನು ಬೆರಳಿನಿಂದ ಸವರುತ್ತಾ ನೋಡಿ. ತುದಿಯಲ್ಲಿ ಲೋಹದ ತೋಳಿನಿಂದ ಅದುಮಿದ ಜಾಗವೇ ಮುಖ್ಯ. ಪ್ಲಾಸ್ಟಿಕ್ ಹೊದಿಕೆಯ ಬಾಯಿಂದ ನೀರು ಒಳಗಿಳಿದು, ಮೇಲೆ ಕಪ್ಪಗೆ ಚೆನ್ನಾಗಿಯೇ ಕಂಡರೂ ಒಳಗೆ ಎಳೆಗಳು ತುಕ್ಕು ಹಿಡಿದಿರುತ್ತವೆ. ಹೊದಿಕೆ ಉಬ್ಬಿದ್ದರೆ, ಬಾಯಲ್ಲಿ ಕಂದು ಕಲೆ ಕಂಡರೆ, ಒಂದೇ ಒಂದು ಎಳೆ ಮುರಿದು ಬೆರಳಿಗೆ ಚುಚ್ಚಿದರೂ ಕೇಬಲ್ ಬದಲಿಸಬೇಕು. ಅಲ್ಯೂಮಿನಿಯಂ ಬೆಸುಗೆಗಳ ಅಂಚಿಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಬಿರುಕು ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ನೆರಳಾಗಿ ಕಾಣುತ್ತದೆ. ಬಿರುಕು ಬಿಟ್ಟ ಸ್ಟ್ಯಾಂಡನ್ನು ಮನೆಯಲ್ಲಿ ಬೆಸೆಯಲು ಹೋಗಬೇಡಿ, ಬೇರೆಯವರಿಗೆ ಮಾರಲೂ ಬೇಡಿ, ಕತ್ತರಿಸಿ ಎಸೆಯಿರಿ. ಪಟ್ಟಿಗಳಲ್ಲಿ ಬಣ್ಣ ಮಾಸಿ ನಾರು ಎದ್ದಿದ್ದರೆ, ಅಳಿಲು ಕಚ್ಚಿದ ಗುರುತಿದ್ದರೆ ಹೊಸದು ಹಾಕಿ. ತಯಾರಕರು ಹೇಳಿದ ಅವಧಿ ಮುಗಿದ ಪಟ್ಟಿ ಮತ್ತು ಹಾರ್ನೆಸ್ ಹೊಸದರಂತೆ ಕಂಡರೂ ಅವುಗಳ ಕೆಲಸ ಮುಗಿಯಿತು. ಮರದ ಮೇಲೆ ತಿಂಗಳುಗಟ್ಟಲೆ ಬಿಟ್ಟ ಸ್ಟ್ಯಾಂಡಾಗಿದ್ದರೆ ಹತ್ತುವ ಮೊದಲು ಪಟ್ಟಿಯ ಬಿಗಿ ನೋಡಿ. ಈ ಮಧ್ಯೆ ಮರ ದಪ್ಪಗಾಗಿರುತ್ತದೆ, ಪಟ್ಟಿ ತಂತಿಯ ಹಾಗೆ ಜಗ್ಗಿರುತ್ತದೆ.